ಅಜ್ಜಿ ಮಾಡಿದ ಹೋಂವರ್ಕ್

ನಮ್ಮ ಪಕ್ಕದ ಮನೆಯ ಅಜ್ಜಿಗೆ ಅಂಕಿಗಳನ್ನು ತಲೆಕೆಳಗಾಗಿ ಓದಲು ಬರುತ್ತಿತ್ತು. ಬರುತ್ತಿತ್ತು ಅನ್ನುವುದಕ್ಕಿಂತ, ನೆಟ್ಟಗೆ ಹಿಡಿದರೆ ಸ್ವಲ್ಪ ತಡವರಿಸುತ್ತಿದ್ದರು ಅನ್ನುವುದೇ ಸರಿ. ಅವರ ಸೊಸೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮದುವೆಯಾಗಿ ಬಂದ ವರ್ಷದಿಂದಲೂ ಆ ಟೀಚರ್ ಉತ್ತರಪತ್ರಿಕೆ ತಿದ್ದುವುದು ಊಟದ ಮೇಜಿನ ಮೇಲೆಯೇ. ಎದುರು ಕುರ್ಚಿಯಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಲೋ ಅಂಗಿಗೆ ಗುಂಡಿ ಹೊಲಿಯುತ್ತಲೋ ಕೂರುತ್ತಿದ್ದರು. ಕೈ ಕೆಲಸದಲ್ಲಿ, ಕಣ್ಣು ಪತ್ರಿಕೆಯಲ್ಲಿ. ಹತ್ತೊಂಬತ್ತು ವರ್ಷ ಹೀಗೆ ಕೂತು, ಯಾರೂ ಕಲಿಸದೆ, ಯಾರಿಗೂ ಹೇಳದೆ, ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತವನ್ನು ಅವರು ಮೇಜಿನ ಆಚೆ ಬದಿಯಿಂದ ಕಲಿತುಬಿಟ್ಟಿದ್ದರು. ಮಕ್ಕಳು ಮಾಡುವ ತಪ್ಪುಗಳನ್ನು ನೋಡಿ ಕಲಿತದ್ದರಿಂದ, ಯಾವ ಲೆಕ್ಕದಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂಬುದು ಸೊಸೆಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು.

ಅವರು ಶಾಲೆಗೆ ಹೋದದ್ದು ಏಳನೇ ತರಗತಿಯವರೆಗೆ. ಏಳರಲ್ಲಿ ಗಣಿತಕ್ಕೆ ತರಗತಿಗೇ ಮೊದಲು. ಆ ರಜೆಯಲ್ಲಿ ಅವರ ತಾಯಿಗೆ ಐದನೆಯ ಹೆರಿಗೆಯಾಯಿತು. ಮಗು ನಡೆದಾಡುವ ತನಕ ಒಂದು ವರ್ಷ ಮನೆಯಲ್ಲಿರು ಅಂದರು. ಮಗು ನಡೆದಾಡಿತು. ಅಷ್ಟರಲ್ಲಿ ಇನ್ನೊಂದು ಹುಟ್ಟಿತು. ಅದು ನಡೆದಾಡುವ ಹೊತ್ತಿಗೆ ಇವರಿಗೆ ಗಂಡು ಗೊತ್ತಾಗಿತ್ತು. ಇದನ್ನು ಹೇಳುವಾಗ ಅವರು ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ. ಬಸ್ಸು ತಪ್ಪಿದ ಕತೆ ಹೇಳಿದ ಹಾಗೆ ಹೇಳಿ, ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದರು.

ನಾನು ಆ ಹೈಸ್ಕೂಲಿನ ಗುಮಾಸ್ತ. ಎರಡು ಮನೆಗೂ ಗೋಡೆ ಒಂದೇ, ಎರಡು ನೌಕರಿಗೂ ಗೇಟು ಒಂದೇ. ಹಾಗಾಗಿ ಆ ಮನೆಯ ಸುದ್ದಿಗೆ ನಾನು ಕಿವಿ ಕೊಡಬೇಕಾಗಿಲ್ಲ, ತಾನಾಗಿಯೇ ಬಂದು ಬೀಳುತ್ತದೆ. ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಅರ್ಧ’. ಪ್ರತಿ ಲೆಕ್ಕದ ಪ್ರತಿ ಹೆಜ್ಜೆಗೂ ಅರ್ಧ ಅಂಕ. ಕೊಟ್ಟದ್ದು ಕೊಟ್ಟದ್ದೇ, ಕಡಿದದ್ದು ಕಡಿದದ್ದೇ. ಹದಿನೇಳೂವರೆ ಬಂದರೆ ಹದಿನೆಂಟು ಮಾಡುವ ಜಾಯಮಾನ ಅವರದ್ದಲ್ಲ. ಮಿಕ್ಕ ಟೀಚರುಗಳೆಲ್ಲ ಪೂರ್ಣಸಂಖ್ಯೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಈಕೆಯ ಪಟ್ಟಿಯನ್ನು ಟೈಪು ಮಾಡುವಷ್ಟರಲ್ಲಿ ನನ್ನ ಬೆರಳು ಸೋತು ಹೋಗುತ್ತಿತ್ತು.

ಹೊಸ ಹೆಡ್‌ಮಾಸ್ಟರ್ ಬಂದ ವರ್ಷ ಹೋಂವರ್ಕಿಗೂ ಅಂಕ ಬಂತು. ಅವರು ಎಲ್ಲಿಯೋ ಮೂರು ದಿನದ ತರಬೇತಿಗೆ ಹೋಗಿದ್ದರು. ಬರುವಾಗ ಒಂದು ಫೈಲು, ಒಂದು ಚೀಲ ಮತ್ತು ಈ ವಿಚಾರ ತಂದರು. ನೂರರಲ್ಲಿ ಎಂಬತ್ತು ಅಂಕ ಎರಡು ಪರೀಕ್ಷೆಗಳಿಗೆ, ಇಪ್ಪತ್ತು ವರ್ಷವಿಡೀ ಮಾಡಿದ ಹೋಂವರ್ಕಿಗೆ. ತೇರ್ಗಡೆಗೆ ಮೂವತ್ತೈದು. ನಿಯಮ ಬರೆಯುವ ಕೆಲಸವನ್ನು ಗಣಿತದ ಟೀಚರಿಗೆ ವಹಿಸಿದರು, ಯಾಕೆಂದರೆ ಬೇರೆ ಯಾರೂ ಆ ಸಭೆಯಲ್ಲಿ ತಲೆ ಎತ್ತಲಿಲ್ಲ. ಟೀಚರ್ ಒಂಬತ್ತು ನಿಯಮ ಬರೆದರು. ನಾನು ಟೈಪು ಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದೆ. ಏಳನೆಯದು ಹೀಗಿತ್ತು: ಹೋಂವರ್ಕನ್ನು ಬೇರೆಯವರಿಂದ ಮಾಡಿಸಿದ್ದು ಗೊತ್ತಾದರೆ ಇಡೀ ವರ್ಷದ ಹೋಂವರ್ಕಿಗೆ ಸೊನ್ನೆ.

ಅದನ್ನು ಟೈಪು ಮಾಡುವಾಗ ನನಗೆ ನಗು ಬಂದಿತ್ತು. ಒಂಬತ್ತನೇ ತರಗತಿಯ ಹೋಂವರ್ಕ್ ಬರೆಯುವ ಅಪ್ಪಂದಿರು, ಅಕ್ಕಂದಿರು, ಟ್ಯೂಷನ್ನಿನವರು, ಇವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಇನ್ನೊಂದು ಹೈಸ್ಕೂಲು ತೆರೆಯಬಹುದು. ನಾನೇನೂ ಸಾಚಾ ಅಲ್ಲ. ನನ್ನ ಮಗಳ ವಿಜ್ಞಾನದ ಪುಸ್ತಕದಲ್ಲಿ ಕಪ್ಪೆಯ ಚಿತ್ರ ಬಿಡಿಸಿದವನು ನಾನೇ. ಹತ್ತಕ್ಕೆ ಆರು ಕೊಟ್ಟರು. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ಇನ್ನು ಆ ಹುಡುಗಿ. ನಮ್ಮ ಬೀದಿಯ ಕೊನೆಯಲ್ಲಿ ಅವಳ ತಾಯಿಯದು ಇಸ್ತ್ರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಹುಡುಗಿ ಬಟ್ಟೆಗಳನ್ನು ಮನೆಮನೆಗೆ ತಲುಪಿಸುತ್ತಾಳೆ. ಒಂಬತ್ತನೇ ತರಗತಿ, ಮಾತು ಕಡಿಮೆ. ಬಟ್ಟೆ ಕೊಡಲು ಬಂದಾಗ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಐದು ನಿಮಿಷ ಕೂತು ನೀರು ಕುಡಿದು ಹೋಗುವ ರೂಢಿ. ಅವಳ ತಾಯಿ ಕೆಟ್ಟವಳಲ್ಲ, ಆದರೆ ಎರಡು ಕೈ ಸಾಲದ ಕೆಲಸ. “ಪಾಸಾಗೋ ತನಕ ಓದು. ಫೇಲಾದ ದಿನ ಪುಸ್ತಕ ಮುಚ್ಚಿಟ್ಟು ಇಸ್ತ್ರಿಪೆಟ್ಟಿಗೆ ಹಿಡಿ” ಎಂದು ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೇ ಹೇಳಿದ್ದಳು. ಹೇಳಿದಂತೆ ಮಾಡುವ ಹೆಂಗಸು ಅವಳು. ಅವಳ ದೊಡ್ಡ ಮಗಳು ಎಂಟರಲ್ಲಿ ಫೇಲಾಗಿ ಈಗ ಅದೇ ಅಂಗಡಿಯಲ್ಲಿ ಕಾಲರು ಮಡಿಸುತ್ತಾಳೆ.

ವರ್ಷದ ಕೊನೆಯ ಹೋಂವರ್ಕಿನಲ್ಲಿ ಟೀಚರ್ ಒಂದು ವಯಸ್ಸಿನ ಲೆಕ್ಕ ಕೊಟ್ಟಿದ್ದರು. ತಂದೆಯ ವಯಸ್ಸು ಈಗ ಮಗನ ವಯಸ್ಸಿನ ಮೂರರಷ್ಟು. ಹತ್ತು ವರ್ಷದ ನಂತರ ಎರಡರಷ್ಟು. ಹಾಗಾದರೆ ಮಗನಿಗೆ ಈಗ ಎಷ್ಟು. ನಲವತ್ತೊಂದು ಮಕ್ಕಳು ಎಕ್ಸ್ ಹಾಕಿ, ಎರಡು ಪುಟ ಓಡಿ, ದಡ ಸೇರಿದವರು ಸೇರಿದರು, ಮುಳುಗಿದವರು ಮುಳುಗಿದರು. ಇಸ್ತ್ರಿ ಅಂಗಡಿಯ ಹುಡುಗಿಯ ಪುಸ್ತಕದಲ್ಲಿ ಎಕ್ಸೇ ಇರಲಿಲ್ಲ. ಮೂರು ಸಾಲು ಮಾತ್ರ. ಇಬ್ಬರ ವಯಸ್ಸಿನ ಅಂತರ ಎಂದೂ ಬದಲಾಗುವುದಿಲ್ಲ. ಈಗ ಅಂತರ ಮಗನ ವಯಸ್ಸಿನ ಎರಡರಷ್ಟು, ಹತ್ತು ವರ್ಷದ ಮೇಲೆ ಅದೇ ಅಂತರ ಮಗನ ಆಗಿನ ವಯಸ್ಸಿನಷ್ಟು. ಅಂದಮೇಲೆ ಹತ್ತು ವರ್ಷದಲ್ಲಿ ಮಗನ ವಯಸ್ಸು ಎರಡರಷ್ಟಾಗುತ್ತದೆ, ಆದ್ದರಿಂದ ಈಗ ಹತ್ತು.

ಟೀಚರಿಗೆ ಹಿಗ್ಗೋ ಹಿಗ್ಗು. ಸ್ಟಾಫ್ ರೂಮಿನಲ್ಲಿ ಆ ಪುಸ್ತಕವನ್ನು ಎಲ್ಲರಿಗೂ ತೋರಿಸಿದರು. ಕನ್ನಡದ ಮೇಷ್ಟ್ರಿಗೂ ತೋರಿಸಿದರು, ಅವರು ಪಾಪ ತಲೆಯಾಡಿಸಿದರು. ಆಮೇಲೆ ತರಗತಿಗೆ ಹೋಗಿ ಹುಡುಗಿಯನ್ನು ಬೋರ್ಡಿಗೆ ಕರೆದರು. ನಾನು ಸುತ್ತೋಲೆಯ ಪುಸ್ತಕ ಹಿಡಿದು ಸಹಿಗಾಗಿ ಬಾಗಿಲಲ್ಲಿ ನಿಂತಿದ್ದೆ, ಅದಕ್ಕೇ ಇದನ್ನೆಲ್ಲ ಕಣ್ಣಾರೆ ಕಂಡೆ.

“ಬಾ, ಇದನ್ನ ಎಲ್ರಿಗೂ ವಿವರಿಸು” ಎಂದರು ಟೀಚರ್.

ಹುಡುಗಿ ಸುಣ್ಣದಕಡ್ಡಿ ತೆಗೆದುಕೊಂಡಳು. ಬೋರ್ಡಿನ ಎದುರು ನಿಂತಳು. ಕಡ್ಡಿಯನ್ನು ಬೋರ್ಡಿಗೆ ತಾಗಿಸಿ, ಏನೂ ಬರೆಯದೆ ಮತ್ತೆ ತೆಗೆದಳು.

“ಭಯ ಬೇಡ. ಅಂತರ ಯಾಕೆ ಬದಲಾಗಲ್ಲ, ಅಲ್ಲಿಂದ ಶುರುಮಾಡು.”

“ಗೊತ್ತಿಲ್ಲ ಮಿಸ್.”

“ನೀನೇ ಬರ್ದಿದ್ದೀಯಲ್ಲ.”

“ನಾನು ನೋಡ್ಕೊಂಡು ಬರ್ದೆ ಮಿಸ್. ಅಜ್ಜಿ ಮಾಡ್ಕೊಟ್ರು.”

ಟೀಚರ್ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. “ಯಾವ ಅಜ್ಜಿ? ನಿಮ್ಮ ಅಜ್ಜಿನಾ?”

ಹುಡುಗಿ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಅವಳು ಸುಣ್ಣದಕಡ್ಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ಅಲ್ಲ ಮಿಸ್. ನಿಮ್ಮನೆ ಅಜ್ಜಿ” ಅಂದಳು.

ಟೀಚರ್ ನನ್ನ ಪುಸ್ತಕ ತೆಗೆದುಕೊಂಡು, ಸಹಿ ಹಾಕುವ ಜಾಗ ಬಿಟ್ಟು ಬೇರೆಲ್ಲೋ ಸಹಿ ಹಾಕಿದರು.

ಮಧ್ಯಾಹ್ನ ಅವರು ಹೆಡ್‌ಮಾಸ್ಟರ್ ಕೋಣೆಗೆ ತಾವೇ ಹೋದರು. ಅಂಕದ ಪುಸ್ತಕ ಹಿಡಿದುಕೊಂಡು ನಾನೂ ಹೋಗಬೇಕಾಯಿತು. ಹುಡುಗಿಗೆ ಮೊದಲ ಪರೀಕ್ಷೆಯಲ್ಲಿ ಹದಿನೇಳೂವರೆ, ಎರಡನೆಯದರಲ್ಲಿ ಹತ್ತೂವರೆ, ಒಟ್ಟು ಇಪ್ಪತ್ತೆಂಟು. ಹೋಂವರ್ಕಿಗೆ ಹತ್ತೊಂಬತ್ತು. ಆ ಹತ್ತೊಂಬತ್ತು ಇದ್ದರೆ ಸಲೀಸಾಗಿ ಪಾಸು. ಅದು ಸೊನ್ನೆಯಾದರೆ ಏಳು ಅಂಕ ಕಡಿಮೆ, ಅವಳು ಫೇಲು.

ಹೆಡ್‌ಮಾಸ್ಟರ್ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಂತೆಯೇ ತೇಲಿಸಿ ಮಾತಾಡಿದರು. “ಮೇಡಂ, ಅಜ್ಜಿ ಅಂದ್ರೆ ಮನೆಯವರು ತಾನೇ. ಮನೆಯವರ ಮಾರ್ಗದರ್ಶನ ಅಂತ ಬರ್ಕೊಳ್ಳೋಣ. ಇಲ್ಲಿಗೇ ಬಿಟ್ಬಿಡಿ.”

“ಅವಳ ಮನೆಯವರಲ್ಲ ಸಾರ್, ನನ್ನ ಮನೆಯವರು. ನಿಯಮ ಬರ್ದವಳೂ ನಾನೇ. ಇಡೀ ತರಗತಿ ಕೇಳಿಸ್ಕೊಂಡಿದೆ.”

“ಹುಡುಗಿ ಗತಿ?”

ಟೀಚರ್ ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟು ಸೊನ್ನೆ ಅಂದರು. ಕೊಟ್ಟ ಸೊನ್ನೆಯನ್ನು ನಾನು ಅಂದೇ ಪುಸ್ತಕದಲ್ಲಿ ಹಾಕಿದೆ. ನನಗೆ ಆಕೆಯ ಮೇಲೆ ಕೋಪ ಬಂದಿತ್ತು, ಮುಚ್ಚಿಡುವುದೇನು. ನಿಯಮ ಹಿಡಿದು ನಡೆಯುವವರ ಹಿಂದೆ ನಡೆದು ಹೋಗುವವರ ಕಾಲಿಗೆ ಮುಳ್ಳು ಚುಚ್ಚುತ್ತದೆ ಎಂದು ಅನ್ನಿಸಿತ್ತು.

ಸಂಜೆ ಆ ಮನೆಯಲ್ಲಿ ಏನಾಯಿತೆಂಬುದನ್ನು ಅಜ್ಜಿಯೇ ಆಮೇಲೆ ನನಗೆ ಹಿತ್ತಲಿನ ಗೋಡೆಯ ಮೇಲಿಂದ ಹೇಳಿದರು. ಟೀಚರ್ ಬಂದು ಚಪ್ಪಲಿ ಬಿಟ್ಟವರೇ ಮೇಜಿನ ಮೇಲೆ ಹುಡುಗಿಯ ಪುಸ್ತಕ ಇಟ್ಟರಂತೆ. ಅಜ್ಜಿ ಎದ್ದು ಹೋಗಿ, ಹಾಸಿಗೆಯ ಅಡಿಯಿಂದ ಹಳೆಯ ಕ್ಯಾಲೆಂಡರ್ ಹಾಳೆಗಳ ಒಂದು ಕಟ್ಟು ತಂದು ಪಕ್ಕದಲ್ಲಿಟ್ಟರು. ಪ್ರತಿ ಹಾಳೆಯ ಹಿಂಬದಿಯಲ್ಲೂ ಲೆಕ್ಕ, ಪೆನ್ಸಿಲಿನಲ್ಲಿ, ಗುಂಡುಗುಂಡಾಗಿ. ಪ್ರತಿ ಲೆಕ್ಕದ ಕೆಳಗೂ ಸಣ್ಣದಾಗಿ ಒಂದು ಅಂಕಿ. ಎರಡು, ಎರಡು, ಒಂದೂವರೆ, ಎರಡು. ಹುಡುಗಿಯ ಪುಸ್ತಕ ತಿದ್ದಿ ವಾಪಸು ಬಂದಾಗಲೆಲ್ಲ ಅದರಲ್ಲಿದ್ದ ಅಂಕವನ್ನು ಅಜ್ಜಿ ತಮ್ಮ ಹಾಳೆಗೆ ಬರೆದುಕೊಂಡಿದ್ದರು.

“ಈ ಒಂದೂವರೆ ಯಾಕೆ ಕೊಟ್ಟೆ?” ಎಂದರಂತೆ ಮೊದಲು. “ಇದ್ರಲ್ಲಿ ನಂದೇನು ತಪ್ಪಿತ್ತು, ನಂಗೆ ಇವತ್ತಿಗೂ ಗೊತ್ತಾಗಿಲ್ಲ.”

ಟೀಚರ್ ನೋಡಿದರಂತೆ. ಏನೇ ಆಗಲಿ, ಗಣಿತದ ಟೀಚರ್ ತಾನೇ. “ಕೊನೇಲಿ ಮೀಟರ್ ಅಂತ ಬರ್ದಿಲ್ಲ ಅತ್ತೆ.”

“ಓ” ಎಂದರಂತೆ ಅಜ್ಜಿ. “ಸರಿ ಹಾಗಾದ್ರೆ.”

ಹೇಗೆ ಶುರುವಾಯಿತು ಎಂದು ಟೀಚರ್ ಕೇಳಿದರು. ಹುಡುಗಿ ಕೇಳಿಕೊಂಡಿರಲಿಲ್ಲ. ವರ್ಷದ ಮೊದಲಲ್ಲಿ ಒಂದು ದಿನ ಮೆಟ್ಟಿಲ ಮೇಲೆ ಕೂತು ಒಂದು ಲೆಕ್ಕಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಳು. ಅಜ್ಜಿಗೆ ತಡೆಯಲಾಗಲಿಲ್ಲ, ಕೊಡೇ ಇಲ್ಲಿ ಅಂದರು. ಮಾರನೆಯ ವಾರ ಮತ್ತೆ ಕೊಡೇ ಅಂದರು. ಆಮೇಲೆ ಹುಡುಗಿ ಬರುವ ಹೊತ್ತಿಗೆ ಬಾಗಿಲಲ್ಲೇ ಕಾದಿರುತ್ತಿದ್ದರು. ಅವಳಿಗೂ ಬಟ್ಟೆ ಹಂಚುವ ಅವಸರ. ಲೆಕ್ಕ ಬಿಟ್ಟು ಹೋಗುತ್ತಿದ್ದಳು, ಬರುವಾಗ ಹಾಳೆ ನೋಡಿ ಬರೆದುಕೊಳ್ಳುತ್ತಿದ್ದಳು.

“ಅವಳಿಗೆ ಸಹಾಯ ಆಗ್ಲಿ ಅಂತ ಮಾಡಿದ್ರಾ ಅತ್ತೆ?”

“ಹೌದು ಅಂತ ಹೇಳಿದ್ರೆ ಸುಳ್ಳಾಗತ್ತೆ” ಎಂದರಂತೆ ಅಜ್ಜಿ. “ನಂಗೆ ಬೇಕಿತ್ತು ಕಣಮ್ಮ.”

ಆಗ ಟೀಚರ್ ಚೀಲದಿಂದ ತಮ್ಮ ಸ್ವಂತ ಅಂಕದ ಪುಸ್ತಕ ತೆಗೆದರು. ಎಂಟನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಹುಡುಗಿಗೆ ನಲವತ್ತಕ್ಕೆ ಇಪ್ಪತ್ತನಾಲ್ಕು. ಒಂಬತ್ತರ ಮೊದಲ ಪರೀಕ್ಷೆಯಲ್ಲಿ ಹದಿನೇಳೂವರೆ. ಎರಡನೆಯದರಲ್ಲಿ ಹತ್ತೂವರೆ. ಪುಸ್ತಕವನ್ನು ಅತ್ತೆಯ ಕಡೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯ ಇರಲಿಲ್ಲ.

“ನೀವು ಎರಡೆರಡು ತಗೋತಾ ಹೋದ್ರಿ. ಅವಳದು ಇಳೀತಾ ಹೋಯ್ತು” ಎಂದರು ಟೀಚರ್. “ಇವತ್ತು ಅವಳಿಗೆ ಸೊನ್ನೆ ಹಾಕಿ ಬಂದಿದ್ದೀನಿ. ಅವಳು ಫೇಲು.”

ಅಜ್ಜಿ ಎದ್ದು ಹೋಗಿ ಒಲೆಯ ಮುಂದೆ ನಿಂತರಂತೆ. ಒಲೆ ಹಚ್ಚಿರಲಿಲ್ಲ. “ನಾನೇ ಅವಳನ್ನ ಶಾಲೆ ಬಿಡಿಸಿದ ಹಾಗಾಯ್ತಲ್ಲ” ಎಂದು ಅವರು ನನಗೆ ಹೇಳಿದಾಗ, ಯಾವತ್ತೂ ಬಸ್ಸು ತಪ್ಪಿದ ದನಿಯಲ್ಲಿ ಮಾತಾಡುವ ಆ ಹೆಂಗಸಿನ ದನಿ ಒಡೆದಿತ್ತು.

ಮರುದಿನ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಅಜ್ಜಿ ಶಾಲೆಯ ಗೇಟಿನಲ್ಲಿದ್ದರು. ಸೊಸೆ ನೌಕರಿ ಮಾಡುವ ಹತ್ತೊಂಬತ್ತು ವರ್ಷದಲ್ಲಿ ಅವರು ಗೇಟು ದಾಟಿ ಒಳಗೆ ಬಂದದ್ದು ಅದೇ ಮೊದಲು. ಊಟದ ಡಬ್ಬಿ ಮರೆತು ಹೋದಾಗಲೂ ಗೇಟಿನ ಹೊರಗೇ ನಿಂತು ಕೊಟ್ಟು ಹೋಗುತ್ತಿದ್ದರು. ನಾನು ಅವರನ್ನು ಹೆಡ್‌ಮಾಸ್ಟರ್ ಕೋಣೆಗೆ ಕರೆದುಕೊಂಡು ಹೋದೆ. ಟೀಚರನ್ನೂ ಕರೆಸಿದರು.

“ತಪ್ಪು ಮಾಡಿದ್ದು ನಾನು. ಸೊನ್ನೆ ಹಾಕೋದಾದ್ರೆ ನಂಗೆ ಹಾಕಿ” ಎಂದರು ಅಜ್ಜಿ, ಕೂರದೆಯೇ.

ಹೆಡ್‌ಮಾಸ್ಟರ್ ಪೇಚಿಗೆ ಸಿಕ್ಕಿದರು. “ಅಮ್ಮ, ನಿಮಗೆ ಹೇಗೆ ಹಾಕೋದು. ನೀವು ನಮ್ಮ ಶಾಲೆ ವಿದ್ಯಾರ್ಥಿನಿ ಅಲ್ವಲ್ಲ.”

“ಅಲ್ಲ. ಆಗಕ್ಕೆ ಬಿಡ್ಲಿಲ್ಲ” ಎಂದರು ಅಜ್ಜಿ. “ಅವಳಿಗೂ ಹಾಗಾಗೋದು ಬೇಡ.”

ಟೀಚರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ರಾತ್ರಿಯೇ ಯೋಚಿಸಿ ಬಂದಿದ್ದರೆಂದು ಕಾಣುತ್ತದೆ, ಚೀಲದಿಂದ ಒಂದು ಹಾಳೆ ತೆಗೆದರು. ಹತ್ತನೆಯ ನಿಯಮ. ಹೋಂವರ್ಕಿಗೆ ಸೊನ್ನೆ ಬಿದ್ದ ಯಾವುದೇ ವಿದ್ಯಾರ್ಥಿ, ಬೇಕೆಂದರೆ, ಶಾಲೆ ಬಿಟ್ಟ ಮೇಲೆ ಶಾಲೆಯಲ್ಲೇ ಕೂತು ಹತ್ತು ದಿನ, ದಿನಕ್ಕೊಂದು ಹೊಸ ಲೆಕ್ಕ ಮಾಡಬಹುದು. ಲೆಕ್ಕಕ್ಕೆ ಎರಡು ಅಂಕ. ಅಲ್ಲಿ ಎಷ್ಟು ಬಂದರೆ ಅಷ್ಟೇ ಹೋಂವರ್ಕಿನ ಅಂಕ. ಹೆಡ್‌ಮಾಸ್ಟರ್ ಒಂದೇ ಉಸಿರಿಗೆ ಸಹಿ ಹಾಕಿ, ಪೆನ್ನು ಮುಚ್ಚಿ, ಇದರಲ್ಲಿ ಟೀಚರ್ ಮನೆಯ ವಿಷಯ ಸೇರಿರುವುದರಿಂದ ಮೂರನೆಯವರೊಬ್ಬರು ಸಾಕ್ಷಿ ಇರಲಿ ಎಂದು ನನ್ನತ್ತ ನೋಡಿದರು. ಹತ್ತು ದಿನ ನಾನು ಮನೆಗೆ ತಡವಾಗಿ ಹೋದದ್ದು ಹೀಗೆ.

“ನಾನೂ ಬಂದು ಕೂರ್ಲಾ?” ಎಂದು ಅಜ್ಜಿ ಕೇಳಿದರು.

“ಕೂತ್ಕೊಳ್ಳಿ ಅತ್ತೆ” ಎಂದರು ಟೀಚರ್. “ಲೆಕ್ಕ ಕೊಡೋ ಮುಂಚೆ ಅರ್ಧ ಗಂಟೆ ಅವಳಿಗೆ ಹೇಳಿಕೊಡಿ. ಲೆಕ್ಕ ಕೊಟ್ಟ ಮೇಲೆ ಬಾಯಿ ಬಿಡೋ ಹಾಗಿಲ್ಲ. ಪೆನ್ಸಿಲ್ ಮುಟ್ಟೋ ಹಾಗಿಲ್ಲ.”

ಹುಡುಗಿಯ ತಾಯಿಯನ್ನು ಒಪ್ಪಿಸುವುದು ಬೇರೆಯೇ ಕೆಲಸವಾಯಿತು. ಆ ಹತ್ತು ದಿನ ಬಟ್ಟೆ ಯಾರು ತಲುಪಿಸಬೇಕು? ಬೆಳಿಗ್ಗೆ ಹಾಲಿನ ಹೊತ್ತಿಗೆ ಅಜ್ಜಿಯೇ ಕೈಯಲ್ಲಿ ಮಡಿಸಿದ ಅಂಗಿಗಳನ್ನು ಹಿಡಿದುಕೊಂಡು ಬೀದಿ ಸುತ್ತಿದರು. ನಮ್ಮ ಮನೆಗೆ ಮೂರು ದಿನ ಪಕ್ಕದವರ ಪ್ಯಾಂಟು ಬಂತು.

ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಮೂರನೆಯ ದಿನವೂ ಸೊನ್ನೆ. ಒಂಬತ್ತನೇ ತರಗತಿಯ ಖಾಲಿ ಕೋಣೆ, ಗುಡಿಸುವವಳು ಬೆಂಚುಗಳನ್ನು ಒಂದು ಬದಿಗೆ ಸರಿಸಿರುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಹುಡುಗಿ ಮತ್ತು ಅಜ್ಜಿ, ಮೇಜಿನ ಹತ್ತಿರ ಟೀಚರ್, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನಾನು. ಮೂರು ದಿನ ಹೇಳಿಕೊಡುವುದೇನೆಂದು ಅಜ್ಜಿಗೇ ತಿಳಿಯಲಿಲ್ಲ. ಅವರಿಗೆ ಲೆಕ್ಕ ಮಾಡಲು ಬರುತ್ತಿತ್ತು, ಹೇಳಿಕೊಡಲು ಬರುತ್ತಿರಲಿಲ್ಲ. ಹುಡುಗಿ ಎಡವಿದ ಕೂಡಲೇ “ಹಾಗಲ್ವೇ, ಕೊಡಿಲ್ಲಿ” ಎಂದು ಪೆನ್ಸಿಲಿಗೆ ಕೈ ಹಾಕುತ್ತಿದ್ದರು. ಟೀಚರ್ “ಅತ್ತೆ” ಅನ್ನುತ್ತಿದ್ದರು. ಅಜ್ಜಿ ಕೈ ಹಿಂದೆಗೆದುಕೊಳ್ಳುತ್ತಿದ್ದರು. ಇದನ್ನು ನೋಡುತ್ತಾ ನನಗೆ ಮೊದಲು ತಮಾಷೆ ಅನ್ನಿಸಿತು, ಆಮೇಲೆ ಅನ್ನಿಸಲಿಲ್ಲ. ಹಸಿದವರ ಮುಂದೆ ತಟ್ಟೆ ಇಟ್ಟು ಮುಟ್ಟಬೇಡ ಅಂದಂತಿತ್ತು.

ನಾಲ್ಕನೆಯ ದಿನ ಅಜ್ಜಿ ಬೇರೆ ದಾರಿ ಹಿಡಿದರು. ಹೇಳಿಕೊಡುವುದನ್ನು ಬಿಟ್ಟು, ಹುಡುಗಿಯನ್ನು ಕೇಳತೊಡಗಿದರು. ಇದೇನು ಬರ್ದೆ? ಯಾಕೆ ಬರ್ದೆ? ಇದು ನಿಜಾನಾ ಅಂತ ಹೇಗೆ ನೋಡ್ತೀಯ? ಹುಡುಗಿಗೆ ಸಿಟ್ಟು ಬರುತ್ತಿತ್ತು. “ಅಜ್ಜಿ, ನಿಮಗೆ ಗೊತ್ತಿದ್ದೂ ಕೇಳ್ತೀರಲ್ಲ” ಎಂದು ಒಮ್ಮೆ ಅಂದಳು. ಅವತ್ತು ಅರ್ಧ ಅಂಕ ಬಂತು. ಐದನೆಯ ದಿನ ಮತ್ತೆ ಸೊನ್ನೆ. ಆರನೆಯ ದಿನ ಅರ್ಧ, ಏಳನೆಯ ದಿನ ಒಂದು, ಎಂಟು ಮತ್ತು ಒಂಬತ್ತನೆಯ ದಿನ ಒಂದೂವರೆ, ಒಂದೂವರೆ. ಒಂಬತ್ತು ದಿನಕ್ಕೆ ಒಟ್ಟು ಐದು. ಬೇಕಾದದ್ದು ಏಳು. ಕೊನೆಯ ದಿನದ ಲೆಕ್ಕ ಪೂರ್ತಿ ಸರಿಯಾಗಬೇಕಿತ್ತು, ಒಂದು ಹೆಜ್ಜೆಯೂ ತಪ್ಪುವ ಹಾಗಿರಲಿಲ್ಲ. ಇದು ನಾಲ್ವರಿಗೂ ಗೊತ್ತಿತ್ತು.

ಹತ್ತನೆಯ ದಿನ ಟೀಚರ್ ಬೋರ್ಡಿನ ಮೇಲೆ ಬರೆದರು: ಒಂದು ಆಯತದ ಉದ್ದ ಅದರ ಅಗಲಕ್ಕಿಂತ ಐದು ಮೀಟರ್ ಹೆಚ್ಚು. ಸುತ್ತಳತೆ ಐವತ್ತು ಮೀಟರ್. ಉದ್ದ, ಅಗಲ ಎಷ್ಟು. ಹುಡುಗಿಗೆ ಇಪ್ಪತ್ತು ನಿಮಿಷ.

ಹುಡುಗಿ ಬರೆಯತೊಡಗಿದಳು. ಎರಡನೆಯ ಸಾಲಿಗೇ ಅಜ್ಜಿಯ ಮುಖ ಬಿಗಿಯಿತು. ಏನೋ ಎಡವಟ್ಟಾಗಿದೆ ಎಂದು ನನಗೂ ತಿಳಿಯಿತು. ಹುಡುಗಿ ಉದ್ದ ಮತ್ತು ಅಗಲ ಸೇರಿದರೆ ಐವತ್ತು ಎಂದು ಬರೆದಿದ್ದಳು. ಆಯತಕ್ಕೆ ನಾಲ್ಕು ಬದಿ ಇರುವುದನ್ನು ಮರೆತಿದ್ದಳು. ಅಗಲ ಇಪ್ಪತ್ತೆರಡೂವರೆ ಎಂದು ಬರೆದು, ಕೆಳಗೆ ಗೆರೆ ಎಳೆದು, ಪೆನ್ಸಿಲು ಕೆಳಗಿಟ್ಟಳು.

ಅಜ್ಜಿ ಎರಡು ಕೈಗಳನ್ನೂ ತೊಡೆಯ ಕೆಳಗೆ ತೂರಿಸಿಕೊಂಡರು. ಬೆಂಚಿನ ಮೇಲೆ ತಮ್ಮ ಕೈಗಳ ಮೇಲೆಯೇ ಕೂತರು. ಹುಡುಗಿ ಅವರ ಮುಖ ನೋಡಿದಳು. ಅಜ್ಜಿ ಗೋಡೆ ನೋಡಿದರು. ಟೀಚರ್ ಗಡಿಯಾರ ನೋಡುತ್ತಿದ್ದರು. ನನ್ನ ವಿಷಯ ಹೇಳುವುದಾದರೆ, ಒಂದು ಸಲ ಕೆಮ್ಮಿಬಿಡಲೇ ಅನ್ನಿಸಿತ್ತು. ಸಾಕ್ಷಿಯಾಗಿ ಕೂತವನು ಕೆಮ್ಮಬಾರದೆಂದು ನಿಯಮದಲ್ಲಿ ಇರಲಿಲ್ಲ. ಆದರೂ ಕೆಮ್ಮಲಿಲ್ಲ.

ಇನ್ನು ಏಳು ನಿಮಿಷ ಇತ್ತು. ಹುಡುಗಿ ಹಾಳೆಯನ್ನು ಮುಂದಕ್ಕೆ ತಳ್ಳಿದಳು, ಮತ್ತೆ ಹತ್ತಿರ ಎಳೆದುಕೊಂಡಳು. ಮೂಲೆಯಲ್ಲಿ ಒಂದು ಚಿಕ್ಕ ಆಯತ ಬರೆದಳು. ಒಂದು ಬದಿಗೆ ಇಪ್ಪತ್ತೆರಡೂವರೆ, ಅದರ ಪಕ್ಕದ್ದಕ್ಕೆ ಇಪ್ಪತ್ತೇಳೂವರೆ. ಬೆರಳಿಟ್ಟು ಸುತ್ತ ನಡೆದಳು, ಮೂರನೆಯ ಬದಿ, ನಾಲ್ಕನೆಯ ಬದಿ. ತುಟಿ ಅಲ್ಲಾಡುತ್ತಿತ್ತು.

“ಇದು ನೂರಾಯ್ತಲ್ಲ” ಎಂದಳು, ಯಾರಿಗೂ ಅಲ್ಲ, ತನಗೇ.

ರಬ್ಬರು ತೆಗೆದುಕೊಂಡು ಎರಡನೆಯ ಸಾಲಿನಿಂದ ಕೆಳಗೆ ಎಲ್ಲವನ್ನೂ ಅಳಿಸಿದಳು. ಹಾಳೆ ಸ್ವಲ್ಪ ಹರಿಯಿತು. ಉದ್ದ ಅಗಲ ಸೇರಿ ಇಪ್ಪತ್ತೈದು. ಅಗಲ ಹತ್ತು ಮೀಟರ್, ಉದ್ದ ಹದಿನೈದು ಮೀಟರ್. ಹಾಳೆ ಕೊಟ್ಟಾಗ ಇನ್ನೂ ಒಂದು ನಿಮಿಷ ಉಳಿದಿತ್ತು.

ಟೀಚರ್ ನಿಂತುಕೊಂಡೇ ತಿದ್ದಿದರು. ಪ್ರತಿ ಹೆಜ್ಜೆಯ ಮೇಲೂ ಪೆನ್ನು ನಿಲ್ಲಿಸಿ, ಒಂದನ್ನೂ ಬಿಡದೆ. ಎರಡು ಅಂಕ ಬರೆದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅಂಕದ ಪುಸ್ತಕದಲ್ಲಿ ಏಳು ಎಂದು ಬರೆದೆ, ಮೂವತ್ತೈದು ಎಂದು ಬರೆದೆ, ತೇರ್ಗಡೆ ಎಂದು ಬರೆದೆ. ಹುಡುಗಿ ಅದನ್ನು ಬಗ್ಗಿ ನೋಡಿ, ಚೀಲ ತೆಗೆದುಕೊಂಡು, ಬಾಗಿಲವರೆಗೆ ನಡೆದು, ಅಲ್ಲಿಂದ ಓಡಿದಳು. ಮೆಟ್ಟಿಲು ಇಳಿಯುವ ಸದ್ದು ಗೇಟಿನವರೆಗೂ ಕೇಳಿಸಿತು.

ಅಜ್ಜಿ ಇನ್ನೂ ಬೆಂಚಿನಲ್ಲೇ ಇದ್ದರು. ಕೈಗಳನ್ನು ಹೊರಗೆ ತೆಗೆದು ಒಂದರಿಂದ ಒಂದನ್ನು ತಿಕ್ಕಿಕೊಳ್ಳುತ್ತಿದ್ದರು.

“ನೀವು ತಪ್ಪನ್ನ ನೋಡಿದ್ರಿ ಅಲ್ವಾ ಅತ್ತೆ?” ಎಂದರು ಟೀಚರ್.

“ಬರೆಯೋವಾಗ್ಲೇ ನೋಡ್ದೆ.”

“ಹೇಳ್ಬೇಕು ಅನ್ನಿಸ್ಲಿಲ್ವಾ?”

ಅಜ್ಜಿ ಬೋರ್ಡಿನ ಕಡೆ ನೋಡಿದರು. ಲೆಕ್ಕ ಇನ್ನೂ ಅಲ್ಲೇ ಇತ್ತು. “ಹೇಳ್ಬೇಕು ಅಂತ ಅಲ್ಲ ಕಣಮ್ಮ. ಕಿತ್ಕೊಂಡು ನಾನೇ ಬರೀಬೇಕು ಅನ್ನಿಸ್ತು. ಅವಳು ಪಾಸಾಗ್ಲಿ ಅಂತಲೂ ಅಲ್ಲ. ನಂಗೆ ಅಷ್ಟು ಆಸೆ ಇದೆ ಅಂತ ಈ ಹತ್ತು ದಿನದಲ್ಲೇ ಗೊತ್ತಾಗಿದ್ದು.”

ಟೀಚರ್ ಮೇಜಿನ ಡ್ರಾಯರಿನಿಂದ ಶಾಲೆಯ ಉತ್ತರಪತ್ರಿಕೆ ಒಂದನ್ನು ತೆಗೆದರು. ಪರೀಕ್ಷೆಗೆ ಕೊಡುವಂಥದು, ಮೇಲೆ ಶಾಲೆಯ ಮುದ್ರೆ, ಹೆಸರು, ತರಗತಿ ಬರೆಯಲು ಎರಡು ಗೆರೆ. ಅದನ್ನು ಅತ್ತೆಯ ಮುಂದೆ ಇಟ್ಟರು, ಪಕ್ಕದಲ್ಲಿ ತಮ್ಮ ಪೆನ್ನು ಇಟ್ಟರು. ಬೋರ್ಡು ಒರೆಸಿ ಹೊಸದೊಂದು ಲೆಕ್ಕ ಬರೆದರು.

ಅಜ್ಜಿ ಪೆನ್ನು ತೆಗೆದುಕೊಂಡು ನೇರವಾಗಿ ಲೆಕ್ಕಕ್ಕೇ ಕೈ ಹಾಕಿದರು.

“ಅತ್ತೆ” ಎಂದರು ಟೀಚರ್, “ಮೊದ್ಲು ಹೆಸರು ಬರೀರಿ.”

ಅಜ್ಜಿಯ ಕೈ ನಿಂತಿತು. ಆಮೇಲೆ ಮೇಲಿನ ಗೆರೆಗೆ ಹೋಯಿತು. ಅಲ್ಲಿ ತಮ್ಮ ಹೆಸರು ಬರೆದರು, ನಿಧಾನವಾಗಿ, ಒಂದೊಂದೇ ಅಕ್ಷರ. ಅದರ ಪಕ್ಕದಲ್ಲಿ ತರಗತಿ ಎಂದಿದ್ದ ಕಡೆ, ಯಾರನ್ನೂ ಕೇಳದೆ, ಎಂಟು ಎಂದು ಬರೆದರು.